ಚಿಬ್ಬು ಎಂದುಕೊಂಡಿದ್ದೆ

ನಮ್ಮ ಖಾಲಾನ ಕೈಗೆ ಬೆಂಕಿ ತಾಗುವುದಿಲ್ಲ ಎಂದು ಕುಟುಂಬದಲ್ಲಿ ಒಂದು ಹೆಮ್ಮೆಯ ಮಾತಿತ್ತು. ಕಾವಲಿಯ ಮೇಲಿನ ಅಕ್ಕಿ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದರು. ಕುದಿಯುವ ಚಹಾದ ಪಾತ್ರೆಯನ್ನು ಮಸಿಬಟ್ಟೆ ಇಲ್ಲದೆ ಇಳಿಸುತ್ತಿದ್ದರು. ಈದ್‌ಗೆ ಸೇರಿದ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರೆ ಅವರು ನಗುತ್ತಾ, "ನಲವತ್ತು ವರ್ಷ ಒಲೆ ಮುಂದೆ ಕೂತ ಕೈ ಇದು, ಬೆಂಕಿಗೂ ಪರಿಚಯ ಆಗಿಬಿಟ್ಟಿದೆ" ಎನ್ನುತ್ತಿದ್ದರು. ನಾನೂ ಅವರ ಜೊತೆ ನಕ್ಕವಳೇ. ಆಗ ನಾನು ನರ್ಸ್ ಆಗಿ ಹದಿನೆಂಟು ವರ್ಷವಾಗಿತ್ತು.

ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಖಾಲಾ ಅನುಮತಿ ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ. "ಹೆಸರು ಬೇಡ, ಉಳಿದದ್ದು ಬರಿ. ನಾಲ್ಕು ಮಂದಿ ಹೆಂಗಸರು ತಮ್ಮ ಕೈ ನೋಡಿಕೊಳ್ಳಲಿ" ಎಂದಿದ್ದಾರೆ.

ನಮ್ಮೂರು ರಿಪ್ಪನ್‌ಪೇಟೆ, ನಾಲ್ಕು ದಾರಿ ಕೂಡುವ ಜಾಗ. ಒಂದು ಶಿವಮೊಗ್ಗಕ್ಕೆ, ಒಂದು ಸಾಗರಕ್ಕೆ, ಒಂದು ಹೊಸನಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಈ ನಾಲ್ಕೂ ದಾರಿಗಳಿಂದ ಬರುವ ಜನರ ಚರ್ಮ ನೋಡಿದರೆ ಕ್ಯಾಲೆಂಡರ್ ನೋಡದೆಯೇ ತಿಂಗಳು ಹೇಳಬಹುದು. ಜುಲೈ, ಆಗಸ್ಟ್‌ನಲ್ಲಿ ನಾಟಿಗೆ ಇಳಿದವರ ಕಾಲ್ಬೆರಳ ಸಂದಿಗಳು ಬೆಳ್ಳಗೆ ನೆನೆದು, ಕೊಳೆತು, ನಾರುತ್ತಿರುತ್ತವೆ. ಇಂಬಳ ಕಚ್ಚಿದ ಜಾಗವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡವರು ಬರುತ್ತಾರೆ. ಮಳೆ ನಿಂತ ಮೇಲೆ ತೊಡೆ ಸಂದಿಯ, ಸೊಂಟದ ಹುಳುಕಡ್ಡಿ. ದೀಪಾವಳಿ ಕಳೆದು ಅಡಿಕೆ ಸುಲಿತ ಶುರುವಾದರೆ ಹೆಂಗಸರ ಬೆರಳುಗಳೆಲ್ಲ ಅಡಿಕೆಯ ಕರೆ ಹಿಡಿದು ಕಪ್ಪಾಗುತ್ತವೆ; ಯಾವ ಸಾಬೂನಿಗೂ ಆ ಕಪ್ಪು ಜಗ್ಗದು. ಮಾರ್ಚ್ ಬಂತೆಂದರೆ ಮಕ್ಕಳ ಕುತ್ತಿಗೆಯಲ್ಲಿ ಬೆವರುಸಾಲೆ.

ಇಷ್ಟೆಲ್ಲ ನೋಡಿ ನೋಡಿ ನನಗೆ ಚರ್ಮ ಗೊತ್ತು ಎಂಬ ಒಂದು ಭಾವನೆ ಬಂದಿತ್ತು.

ನರ್ಸಿಂಗ್ ಶಾಲೆಯಲ್ಲಿ ಚರ್ಮದ ಪಾಠ ಮೊದಲ ವರ್ಷದಲ್ಲೇ ಮುಗಿದು ಹೋಗುತ್ತದೆ. ಮೂರು ಪದರಗಳ ಚಿತ್ರ ಬರೆದು, ಬಣ್ಣದ ಪೆನ್ಸಿಲ್‌ನಲ್ಲಿ ತುಂಬಿ, ಅಂಕ ತೆಗೆದುಕೊಂಡರೆ ಆಯಿತು. ಆ ಚಿತ್ರವನ್ನು ನಮ್ಮ ಮಲೆನಾಡಿನ ಮನೆಯಂತೆ ನೋಡಬಹುದು. ಮೇಲಿನ ಪದರ ಹೆಂಚಿನ ಮಾಡು. ಸತ್ತ ಜೀವಕೋಶಗಳು ಒಂದರ ಮೇಲೊಂದು ಹೆಂಚಿನ ಹಾಗೆ ಹೊದ್ದುಕೊಂಡಿರುತ್ತವೆ. ಹಳೆಯವು ಉದುರುತ್ತವೆ, ಕೆಳಗಿನಿಂದ ಹೊಸವು ಮೇಲೇರುತ್ತವೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಮಾಡು ಪೂರಾ ಬದಲಾಗಿರುತ್ತದೆ. ಆ ಪದರದಲ್ಲಿ ರಕ್ತನಾಳವೇ ಇಲ್ಲ. ಅದರ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಈ ಕೋಶಗಳ ಸಂಖ್ಯೆ ಬಿಳಿಯರಲ್ಲೂ ನಮ್ಮಲ್ಲೂ ಆಫ್ರಿಕದವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪ್ರಮಾಣದಲ್ಲಷ್ಟೇ ವ್ಯತ್ಯಾಸ. ಸೊಸೆ ಹುಡುಕುವಾಗ ನಾವು ಕೇಳುವ "ಹುಡುಗಿ ಬಣ್ಣ ಹೇಗೆ?" ಎಂಬ ಪ್ರಶ್ನೆಯ ತಿರುಳು ಇಷ್ಟೇ!

ಮಾಡಿನ ಕೆಳಗೆ ವಾಸದ ಮನೆ, ಅಂದರೆ ಎರಡನೇ ಪದರ. ರಕ್ತನಾಳ, ಬೆವರಿನ ಗ್ರಂಥಿ, ಕೂದಲ ಬುಡ, ನರಗಳ ತುದಿಗಳು ಎಲ್ಲವೂ ಇರುವುದು ಇಲ್ಲೇ. ಬಿಸಿ, ತಂಪು, ನೋವು, ಮುಟ್ಟಿದ್ದು, ಒತ್ತಿದ್ದು ಎಲ್ಲದರ ಸುದ್ದಿ ಇಲ್ಲಿಂದಲೇ ಮಿದುಳಿಗೆ ಹೋಗಬೇಕು. ಅದರ ಕೆಳಗೆ ಕೊಬ್ಬಿನ ಮೂರನೇ ಪದರ, ಚಳಿಗಾಲಕ್ಕೆ ಹಾಸಿದ ಕೌದಿಯ ಹಾಗೆ. ಇಷ್ಟು ನನಗೆ ಬಾಯಿಪಾಠವಿತ್ತು. ಆದರೆ ಆ ಸುದ್ದಿಯ ತಂತಿ ಎಲ್ಲಾದರೂ ಕಡಿದು ಹೋದರೆ ರೋಗಿ "ನೋವು" ಎಂದು ಬರುವುದಿಲ್ಲ, ನೋವಿಲ್ಲ ಎಂದು ಯಾರೂ ಆಸ್ಪತ್ರೆಗೆ ಬರುವುದೂ ಇಲ್ಲ ಎಂಬುದನ್ನು ಬಾಯಿಪಾಠ ಕಲಿಸಲಿಲ್ಲ.

ಪುಸ್ತಕದಲ್ಲಿ ಇನ್ನೊಂದು ತೊಂದರೆಯೂ ಇತ್ತು. ನಾವು ಓದಿದ ಪುಸ್ತಕಗಳ ಚಿತ್ರಗಳೆಲ್ಲ ಬಿಳಿ ಚರ್ಮದವು. "ಕೆಂಪಾಗಿದೆಯೇ ನೋಡಿ" ಎಂದು ಬರೆದಿರುತ್ತಿತ್ತು. ವಾರ್ಡಿಗೆ ಬಂದರೆ ತೋಟದಲ್ಲಿ ದುಡಿದು ಕಪ್ಪಾದ ಅಜ್ಜನ ಬೆನ್ನಿನಲ್ಲಿ ಕೆಂಪು ಎಲ್ಲಿ ಕಾಣುತ್ತದೆ? ಹಾಸಿಗೆ ಹುಣ್ಣು ಶುರುವಾಗುವಾಗ ಅಲ್ಲಿ ಕೆಂಪಿರುವುದಿಲ್ಲ. ಸುತ್ತಲಿಗಿಂತ ತುಸು ಹೆಚ್ಚು ಕಪ್ಪು, ಅಥವಾ ನೇರಳೆ ಹಣ್ಣಿನ ಛಾಯೆ. ಕಣ್ಣಿಗೆ ಕಾಣದಿದ್ದರೆ ಅಂಗೈ ತಿರುಗಿಸಿ ಕೈಯ ಹಿಂಭಾಗದಿಂದ ಮುಟ್ಟಬೇಕು. ಅಲ್ಲಿ ಬಿಸಿ ಇರುತ್ತದೆ, ಒತ್ತಿದರೆ ಗಟ್ಟಿ ಹತ್ತುತ್ತದೆ. ರಕ್ತ ಕಡಿಮೆಯಾಗಿದೆಯೇ ಎಂದು ತಿಳಿಯಲು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಬೇಕು, ಅಂಗೈ ನೋಡಬೇಕು. ಕಾಮಾಲೆಗೆ ಕಣ್ಣಿನ ಬಿಳಿ. ಉಸಿರಿನ ತೊಂದರೆಗೆ ತುಟಿ, ನಾಲಗೆ, ಉಗುರು. ಇದನ್ನೆಲ್ಲ ನನಗೆ ಕಲಿಸಿದ್ದು ಪುಸ್ತಕವಲ್ಲ, ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು. 2020ರಲ್ಲಿ ಲಂಡನ್ನಿನ ಒಂದು ವೈದ್ಯಕೀಯ ಶಾಲೆಯಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ಹುಡುಗ, ಕಪ್ಪು ಕಂದು ಚರ್ಮದಲ್ಲಿ ರೋಗದ ಲಕ್ಷಣಗಳು ಹೇಗೆ ಕಾಣುತ್ತವೆ ಎಂದು ತನ್ನ ಶಿಕ್ಷಕರ ಜೊತೆ ಸೇರಿ ಒಂದು ಕೈಪಿಡಿಯನ್ನೇ ಹೊರತಂದ ಸುದ್ದಿ ಓದಿದಾಗ, ನಮ್ಮ ಆ ಹಿರಿಯ ಸಿಸ್ಟರ್ ನೆನಪಾಗಿ ನಗು ಬಂತು. ಪಾಪ, ಅವರು ಏನನ್ನೂ ಬರೆದಿಡಲಿಲ್ಲ.

ಇಂಥವರ ಬಳಿ ಕಲಿತ ನಾನು ಮನೆಯವರ ವಿಷಯದಲ್ಲಿ ಎಡವಿದೆ.

ಖಾಲಾ ಇರುವುದು ಹೊಸನಗರದ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ. ಖಾಲೂಗೆ ಅಲ್ಪಸ್ವಲ್ಪ ಅಡಿಕೆ ತೋಟ. ಒಂದು ಮಳೆಗಾಲದಲ್ಲಿ ಖಾಲಾ ನಮ್ಮ ಮನೆಗೆ ಬಂದಾಗ ತೋಳು ಮಡಚಿ, "ನೋಡು ಬೇಟಾ, ಇದೇನು?" ಎಂದು ಕೇಳಿದರು. ಬಲಗೈಯ ಮೊಣಕೈ ಕೆಳಗೆ ನಾಲ್ಕಾಣೆ ಅಗಲದ ಎರಡು ಮಚ್ಚೆ. ಹಾಲಿನ ಬಿಳುಪಲ್ಲ, ಮೈಬಣ್ಣಕ್ಕಿಂತ ತುಸು ತಿಳಿ. ಸಂಜೆಯ ಹೊತ್ತು, ಕರೆಂಟ್ ಇರಲಿಲ್ಲ. ನಾನು ಒಲೆಯ ಮುಂದೆ ನಿಂತವಳು ಕುತ್ತಿಗೆ ತಿರುಗಿಸಿ ನೋಡಿ, "ಚಿಬ್ಬು ಖಾಲಾ. ಮಳೆಗಾಲದಲ್ಲಿ ಎಲ್ಲರಿಗೂ ಬರುತ್ತೆ" ಎಂದೆ. ಒಂದು ಮುಲಾಮಿನ ಹೆಸರನ್ನೂ ಬರೆದುಕೊಟ್ಟೆ. ಮುಟ್ಟಲಿಲ್ಲ.

ಮುಟ್ಟಿದ್ದರೆ? ಚಿಬ್ಬನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ತೌಡಿನಂಥ ಸಣ್ಣ ಹೊಟ್ಟು ಏಳುತ್ತದೆ. ಸಾಮಾನ್ಯವಾಗಿ ಎದೆ, ಬೆನ್ನು, ಕುತ್ತಿಗೆಯಲ್ಲಿ ಹರಡಿರುತ್ತದೆ. ತೊನ್ನಾದರೆ ಹಾಲಿನ ಹಾಗೆ ಬಿಳಿ, ಅಂಚು ಸ್ಪಷ್ಟ, ಅದರ ಮೇಲಿನ ಕೂದಲೂ ಕೆಲವೊಮ್ಮೆ ಬೆಳ್ಳಗಾಗಿರುತ್ತದೆ. ಆದರೆ ಚಿಬ್ಬಾಗಲಿ ತೊನ್ನಾಗಲಿ, ಮುಟ್ಟಿದರೆ ಗೊತ್ತಾಗುತ್ತದೆ, ಚುಚ್ಚಿದರೆ ನೋಯುತ್ತದೆ. ಖಾಲಾನ ಮಚ್ಚೆಯಲ್ಲಿ ಹೊಟ್ಟಿರಲಿಲ್ಲ, ತುರಿಕೆ ಇರಲಿಲ್ಲ, ಬೆವರಿರಲಿಲ್ಲ. ಕೂದಲು ಉದುರಿ ನುಣ್ಣಗಾಗಿತ್ತು. ಈಗ ನೆನೆದರೆ ಎಲ್ಲವೂ ಕಣ್ಣೆದುರೇ ಇತ್ತು.

ಆಮೇಲೆ ಸುಟ್ಟ ಗುಳ್ಳೆಗಳು. ಎರಡು ವರ್ಷದಲ್ಲಿ ಮೂರು ಸಲ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ಮೂರು ಸಲವೂ ಬಲಗೈಯ ಕಿರುಬೆರಳಿನ ಹೊರ ಅಂಚಿನಲ್ಲಿ, ಅದೇ ಜಾಗದಲ್ಲಿ. ರೊಟ್ಟಿ ತಿರುವುವ ಹೆಬ್ಬೆರಳು, ತೋರುಬೆರಳಿಗೆ ಎಂದೂ ಏನೂ ಆಗಿರಲಿಲ್ಲ. ಅವು ಬಿಸಿ ತಾಗಿದೊಡನೆ ಹಿಂದೆ ಸರಿಯುತ್ತಿದ್ದವು. ಪಾತ್ರೆಗೆ ಒತ್ತಿಕೊಂಡೇ ಇರುತ್ತಿದ್ದುದು ಕಿರುಬೆರಳು. ಹಳೆಯ ಪಟ್ಟಿ ಬಿಚ್ಚುವಾಗ ಅಂಟಿಕೊಂಡ ಹತ್ತಿಯನ್ನು ನಾನು ಎಳೆದರೂ ಖಾಲಾ ನನ್ನ ಮಕ್ಕಳ ಶಾಲೆಯ ಬಗ್ಗೆ ಮಾತಾಡುತ್ತಲೇ ಇದ್ದರು. "ನಿಮ್ಮಷ್ಟು ಧೈರ್ಯದ ಪೇಶಂಟ್ ನಾನು ನೋಡಿಲ್ಲ" ಎಂದಿದ್ದೆ. ಅದನ್ನು ಧೈರ್ಯ ಎಂದುಕೊಂಡೆನಲ್ಲ!

2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಹಬ್ಬಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಆ ಚಳಿಗಾಲದಲ್ಲಿ ಇಡೀ ಮಲೆನಾಡು ಮೈ ನೋಡಿಕೊಳ್ಳುವುದರಲ್ಲೇ ಇತ್ತು. ದರಗು ಗುಡಿಸಲು, ಸೌದೆಗೆ, ದನ ಕಾಯಲು ಹೋಗಿ ಬಂದವರು ಬಿಸಿನೀರಲ್ಲಿ ಮಿಂದು, ಕೂದಲ ಅಂಚು, ಕಿವಿ ಹಿಂದೆ, ಕಂಕುಳು, ಮಂಡಿಯ ಹಿಂದೆ, ಲಾಡಿ ಕಟ್ಟುವ ಸೊಂಟ ಎಲ್ಲ ತಡಕಿ ನೋಡಬೇಕು. ಉಣುಗಿನ ಮರಿ ಎಳ್ಳಿಗಿಂತ ಸಣ್ಣದು. ಕಂಡರೆ ಬೆರಳಲ್ಲಿ ಹೊಸಕಬಾರದು. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು. ಇದನ್ನು ನಾನು ದಿನಕ್ಕೆ ನಲವತ್ತು ಮಂದಿಗೆ ಹೇಳುತ್ತಿದ್ದೆ.

ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯಿಂದ ಡಿ.ಎಂ.ಪಿ. ಎಣ್ಣೆ ಹಂಚುತ್ತಿದ್ದರು. 2019ರ ಜನವರಿಯ ಒಂದು ಬೆಳಿಗ್ಗೆ ಖಾಲಾನ ಊರಿನ ಆಶಾ ಕಾರ್ಯಕರ್ತೆ ಆ ಎಣ್ಣೆ ಹಿಡಿದು ಅವರ ಮನೆಗೆ ಹೋಗಿದ್ದಾರೆ. ಹಚ್ಚುವ ಬಗೆ ತೋರಿಸಲು ಖಾಲಾನ ತೋಳು ಮೇಲೆ ಸರಿಸಿ ತಾವೇ ಸವರಿದ್ದಾರೆ. ಮಚ್ಚೆ ಕಂಡಿದೆ. ಚಳಿಯ ಬೆಳಿಗ್ಗೆ, ಎಣ್ಣೆ ತಣ್ಣಗಿತ್ತು. ಆಕೆ ಕೇಳಿದ್ದು ಒಂದೇ ಮಾತು: "ಅಮ್ಮಾ, ಇಲ್ಲಿ ಎಣ್ಣೆ ತಣ್ಣಗಾಯ್ತಾ?"

"ಆ ಕಡೆ ಆಯ್ತು, ಇಲ್ಲಿ ಆಗಲಿಲ್ಲ" ಎಂದರಂತೆ ಖಾಲಾ.

ಆಕೆ ಮಧ್ಯಾಹ್ನವೇ ಬಸ್ಸು ಹಿಡಿದು ನನ್ನ ಹತ್ತಿರ ಬಂದರು. ನನ್ನ ಖಾಲಾ ಎಂದು ಗೊತ್ತಿದ್ದರಿಂದ ಸಂಕೋಚದಲ್ಲಿ ಬಾಗಿಲಲ್ಲೇ ನಿಂತು, "ಸಿಸ್ಟರ್, ನಾನು ಓದಿದವಳಲ್ಲ, ತಪ್ಪಿದ್ದರೆ ಬೈಬೇಡಿ. ನೀವೊಮ್ಮೆ ನೋಡಿ" ಎಂದರು. ನನಗೆ ಕುಳಿತಲ್ಲೇ ಎಲ್ಲವೂ ಕೂಡಿ ಬಂತು. ಮಚ್ಚೆ, ಗುಳ್ಳೆ, ಹತ್ತಿ ಎಳೆದರೂ ನಿಲ್ಲದ ಮಾತು. ಆಸ್ಪತ್ರೆಯ ಗೋಡೆಯ ಮೇಲೆ, ಸ್ಪರ್ಶಜ್ಞಾನವಿಲ್ಲದ ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆ ಕಂಡರೆ ಕುಷ್ಠರೋಗ ಇರಬಹುದು ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಆ ಗೋಡೆಗೆ ಕೊಡೆ ಒರಗಿಸಿ ನಾನು ಎಷ್ಟು ಮಳೆಗಾಲ ಕಳೆದಿದ್ದೆ!

ಆ ಸಂಜೆಯೇ ಹೋದೆ. ಖಾಲಾನನ್ನು ಅಂಗಳದ ಬೆಳಕಿಗೆ ಕರೆತಂದು ಕೂರಿಸಿದೆ. ಮೊದಲು ಕಣ್ಣು ಬಿಟ್ಟುಕೊಂಡೇ ಪೆನ್ನಿನ ತುದಿಯನ್ನು ಒಳ್ಳೆಯ ಚರ್ಮಕ್ಕೆ ಮೆಲ್ಲಗೆ ತಾಗಿಸಿ, "ಹೀಗೆ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ" ಎಂದೆ. ಆಮೇಲೆ ಕಣ್ಣು ಮುಚ್ಚಿಸಿದೆ. ಎಡಗೈಯಲ್ಲಿ ತಾಗಿಸಿದೆ, ತೋರಿಸಿದರು. ಭುಜದಲ್ಲಿ, ತೋರಿಸಿದರು. ಮಚ್ಚೆಯ ನಡುವೆ ತಾಗಿಸಿದೆ. ಸುಮ್ಮನೆ ಕೂತಿದ್ದರು. ಇನ್ನೊಮ್ಮೆ. ಸುಮ್ಮನೆ. ಕಿರುಬೆರಳಿಗೆ. ಸುಮ್ಮನೆ. "ಶುರು ಮಾಡು ಬೇಟಾ, ಯಾಕೆ ನಿಲ್ಲಿಸಿದೆ?" ಎಂದು ಕೇಳಿದರು.

ಮೊಣಕೈ ಬಾಗಿಲಿಗೆ ಬಡಿದಾಗ ಕಿರುಬೆರಳಿನವರೆಗೂ ಝುಮ್ ಎನ್ನುವ ಒಂದು ನರ ಇದೆಯಲ್ಲ, ಕುಷ್ಠರೋಗದ ಕ್ರಿಮಿಗೆ ಅದು ಬಹಳ ಇಷ್ಟದ ಜಾಗ. ದೇಹದ ತಂಪಾದ ಭಾಗಗಳಲ್ಲಿ, ಚರ್ಮಕ್ಕೆ ಹತ್ತಿರವಿರುವ ನರಗಳಲ್ಲಿ ಅದು ಸೇರಿಕೊಳ್ಳುತ್ತದೆ. ಬಿಸಿ ತಂಪಿನ ಅರಿವು ಮೊದಲು ಹೋಗುವುದುಂಟು. ಆಮೇಲೆ ಮುಟ್ಟಿದ ಅರಿವು, ನೋವು, ಕೊನೆಗೆ ಬೆರಳಿನ ಬಲ. ಖಾಲಾನ ಮೊಣಕೈ ಹಿಂದಿನ ಆ ನರವನ್ನು ಬೆರಳಿನಡಿ ಹೊರಳಿಸಿ ನೋಡಿದೆ. ಹಗ್ಗದ ಹಾಗೆ ದಪ್ಪಗಾಗಿತ್ತು. ಕಿರುಬೆರಳು ಮತ್ತು ಉಂಗುರದ ಬೆರಳು ಆಗಲೇ ತುಸು ಒಳಕ್ಕೆ ಬಾಗಿದ್ದವು. ಅಡಿಕೆ ಸುಲಿದು ಕಪ್ಪಾದ ಕೈ, ಅದರ ಮೇಲೆ ಮದುವೆ ಮನೆಯ ಮೆಹಂದಿ. ಯಾರ ಕಣ್ಣಿಗೆ ಬೀಳಬೇಕು?

ಮಾರನೆಯ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಖಾಲಾ ಬುರ್ಖಾದ ತೋಳು ಮೊಣಕೈವರೆಗೆ ಸರಿಸಿ, "ಇಷ್ಟೇ, ಬೇರೆಲ್ಲೂ ಇಲ್ಲ" ಎಂದರು. ವೈದ್ಯೆ ಒಪ್ಪಲಿಲ್ಲ. ಪರದೆ ಎಳೆದು, ನನ್ನನ್ನು ಒಳಗೆ ಕರೆದು, ಬೆನ್ನು, ಸೊಂಟ, ತೊಡೆ ಎಲ್ಲ ನೋಡಿದರು. ಮಚ್ಚೆಗಳು ಒಟ್ಟು ಎಂಟು. ಖಾಲಾಗೇ ಗೊತ್ತಿರಲಿಲ್ಲ. ತನ್ನ ಬೆನ್ನನ್ನು ತಾನು ನೋಡಿಕೊಳ್ಳುವವರು ಯಾರು?

ಇಲ್ಲಿ ಒಂದು ಮಾತು ಹೇಳಬೇಕು ಸಹೋದರಿಯರೇ. ನಮ್ಮ ಹೆಂಗಸರು ಆಸ್ಪತ್ರೆಗೆ ಬಂದರೆ ತೋರಿಸುವುದು ಕೈಯಷ್ಟು, ಮುಖದಷ್ಟು. ನಾವು ನರ್ಸುಗಳೂ "ಪಾಪ, ಸಂಕೋಚ" ಎಂದು ಅಷ್ಟಕ್ಕೇ ಬಿಡುತ್ತೇವೆ. ಐದಕ್ಕಿಂತ ಹೆಚ್ಚು ಮಚ್ಚೆ ಇದ್ದರೆ ಔಷಧಿಯ ಅವಧಿಯೇ ಬೇರೆ. ಎರಡು ಎಂದು ಲೆಕ್ಕ ಹಾಕಿದ್ದರೆ ಖಾಲಾಗೆ ಆರು ತಿಂಗಳ ಚಿಕಿತ್ಸೆ ಸಿಗುತ್ತಿತ್ತು, ಬೇಕಿದ್ದುದು ಹನ್ನೆರಡು ತಿಂಗಳದ್ದು. ಪರದೆ ಬೇಕೆಂದು, ನೋಡಲು ಹೆಂಗಸರು ಬೇಕೆಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಆದರೆ ತೋರಿಸಿ.

ಔಷಧಿ ಸರ್ಕಾರದಿಂದ ಪುಕ್ಕಟೆ. ತಿಂಗಳಿಗೊಂದು ಚೀಟಿಯಂಥ ಪೊಟ್ಟಣ, ಅದರಲ್ಲಿ ಮೂರು ಬಗೆಯ ಮಾತ್ರೆಗಳು: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್. ಈ ಬಹುಔಷಧಿ ಚಿಕಿತ್ಸೆ ಬಂದದ್ದು 1980ರ ದಶಕದ ಆರಂಭದಲ್ಲಿ. ಶುರು ಮಾಡಿದ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಯಾವ ಕಾಲಕ್ಕೂ ಇಲ್ಲ. ಇದು ವಂಶದಿಂದ ಬರುವುದಲ್ಲ, ಶಾಪವೂ ಅಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯ ಕಂಡುಹಿಡಿದ ಒಂದು ಕ್ರಿಮಿ. ಚಿಕಿತ್ಸೆ ಇಲ್ಲದ ರೋಗಿಯ ಜೊತೆ ಬಹುಕಾಲ ಒಡನಾಡಿದರೆ ಉಸಿರಿನ ಮೂಲಕ ಬರಬಹುದು, ಬಂದರೂ ಹೆಚ್ಚಿನವರ ದೇಹ ತಾನೇ ಅದನ್ನು ಸೋಲಿಸುತ್ತದೆ. ಮೈಯಲ್ಲಿ ಸೇರಿ ಮಚ್ಚೆಯಾಗಿ ಕಾಣಲು ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ. ಹಾಗಾಗಿ ಎಲ್ಲಿಂದ ಬಂತು ಎಂದು ಹುಡುಕುವುದು ವ್ಯರ್ಥ. 2005ರ ಕೊನೆಗೆ ನಮ್ಮ ದೇಶ ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಿಸಿದೆ ಎಂದು ಘೋಷಿಸಿತು. ಅದರ ಅರ್ಥ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂದಷ್ಟೇ. ನಾವು ಕೇಳಿಸಿಕೊಂಡದ್ದು "ಕುಷ್ಠರೋಗ ಹೋಯಿತು" ಎಂದು. ನನ್ನ ತಲೆಯಲ್ಲೂ ಅದು ಹಳೆಯ ಕಾಲದ ರೋಗವಾಗಿಬಿಟ್ಟಿತ್ತು.

ಮಚ್ಚೆ ಮಾಯುತ್ತದೆ, ಆದರೆ ನರದ ಮಾತು ಬೇರೆ. ವೈದ್ಯೆ ಕೇಳಿದರು, "ಬೆರಳು ಜೋಮು ಹಿಡಿದು ಎಷ್ಟು ದಿನ ಆಯ್ತು?" ಆರು ತಿಂಗಳ ಒಳಗಾಗಿದ್ದರೆ ಬೇರೆ ಮಾತ್ರೆ ಕೊಟ್ಟು ನರವನ್ನು ಉಳಿಸಿಕೊಳ್ಳಲು ಸಾಧ್ಯವಿತ್ತು. ಖಾಲಾ ನನ್ನ ಮುಖ ನೋಡಿದರು. ನಾನು ಮೊದಲ ಗುಳ್ಳೆಗೆ ಪಟ್ಟಿ ಕಟ್ಟಿ ಆಗಲೇ ಎರಡು ವರ್ಷ. "ಗೊತ್ತಿಲ್ಲ ಡಾಕ್ಟ್ರೇ, ಇತ್ತೀಚೆಗೆ" ಎಂದರು ಖಾಲಾ. ನನ್ನನ್ನು ಉಳಿಸಲು ಹೇಳಿದ ಸುಳ್ಳು. ನಾನೇ ವೈದ್ಯೆಗೆ ನಿಜ ಹೇಳಬೇಕಾಯಿತು. ಹೇಳಿದೆ.

ಬಸ್ಸಿನಲ್ಲಿ ಹಿಂದಿರುಗುವಾಗ ಖಾಲಾ ಕೇಳಿದ್ದು ಬೆರಳಿನ ಬಗ್ಗೆ ಅಲ್ಲ. "ಹುಡುಗಿಯ ಮಾತುಕತೆ ನಡೀತಿದೆ. ದೊಡ್ಡ ರೋಗ ಅಂತ ಗೊತ್ತಾದರೆ?" ಹೆಸರು ಹೇಳಲೂ ಅವರ ಬಾಯಿ ಒಪ್ಪಲಿಲ್ಲ. ಮನೆಯವರ ಮೈಯನ್ನೂ ಪರೀಕ್ಷಿಸಿ, ರೋಗ ತಡೆಯಲು ಒಂದು ಡೋಸ್ ಮಾತ್ರೆ ಕೊಡಬೇಕಾದ್ದರಿಂದ ಖಾಲೂ ಮತ್ತು ಮಕ್ಕಳಿಗೆ ಹೇಳಲೇಬೇಕಾಯಿತು. ಅವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಅಮ್ಮಿ, ಖಾಲಾನ ಒಡಹುಟ್ಟಿದ ಅಕ್ಕ, ಕೇಳಿದಾಗಲೂ "ನರದ ತೊಂದರೆ" ಎಂದೆ. ಪೂರಾ ಸುಳ್ಳಲ್ಲವಲ್ಲ! ಕ್ಲೋಫಾಜಿಮಿನ್‌ನಿಂದ ಖಾಲಾನ ಮೈಬಣ್ಣ ಕಂದಾಗತೊಡಗಿತು. ಔಷಧಿ ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಇಳಿಯುವಂಥದ್ದು ಅದು. ನೆರೆಯವರು "ಯಾಕೆ ಇಷ್ಟು ಕಪ್ಪಾದ್ರಿ?" ಎಂದರೆ "ಅಡಿಕೆ ಒಣಗಿಸೋ ಬಿಸಿಲು" ಎನ್ನುತ್ತಿದ್ದರು. ಆ ವರ್ಷ ಮಾತುಕತೆಗೆ ಬಂದಿದ್ದ ಮನೆಯವರು ಫೋನ್ ಮಾಡುವುದನ್ನು ನಿಲ್ಲಿಸಿದರು. ಸುದ್ದಿ ಮುಟ್ಟಿತ್ತು ಎಂದೇ ಖಾಲಾ ನಂಬಿದ್ದಾರೆ. ನನಗೆ ಖಾತ್ರಿಯಿಲ್ಲ.

ಖಾಲಾ ಮೊದಲ ಪೊಟ್ಟಣ ತೆಗೆದುಕೊಂಡ ಆ ಫೆಬ್ರವರಿಯಲ್ಲೇ, 2019ರಲ್ಲಿ, ಸಂಸತ್ತು ಒಂದು ಕಾನೂನನ್ನು ಅಂಗೀಕರಿಸಿತ್ತು. ಗಂಡನಿಗೋ ಹೆಂಡತಿಗೋ ಕುಷ್ಠರೋಗವಿದೆ ಎಂಬುದು ವಿಚ್ಛೇದನಕ್ಕೆ ಕಾರಣವಾಗುವುದನ್ನು ಐದು ಕಾನೂನುಗಳಿಂದ ತೆಗೆದುಹಾಕಿದರು. ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆಯ ಜೊತೆ ನಮ್ಮ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯೂ ಅದರಲ್ಲಿತ್ತು. ಎಂಬತ್ತು ವರ್ಷ ಆ ಪದ ಅಲ್ಲೇ ಕೂತಿತ್ತು. ಪತ್ರಿಕೆಯ ಒಳಪುಟದಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ ಖಾಲಾಗೆ ಓದಿ ಹೇಳಿದೆ. "ಕಾಗದದಿಂದ ತೆಗೆದರು, ಬಾಯಿಂದ ತೆಗೀಬೇಕಲ್ಲ" ಎಂದರು.

ಹನ್ನೆರಡು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ಮುಗಿಸಿದರು. ಆ ಆಶಾ ಕಾರ್ಯಕರ್ತೆ ಪ್ರತಿ ತಿಂಗಳೂ ಬಂದು ಖಾಲಿ ಪೊಟ್ಟಣ ನೋಡಿ ಹೋಗುತ್ತಿದ್ದರು. ಅರಿವಿಲ್ಲದ ಕೈಗೆ ಬೇಕಾದ ಜೋಪಾನವನ್ನೂ ಖಾಲಾ ಕಲಿತರು. ಬಿಸಿನೀರಿಗೆ ಬಲಗೈ ಹಾಕುವಂತಿಲ್ಲ, ಎಡಗೈಯಿಂದ ನೋಡಬೇಕು. ಪಾತ್ರೆಗೆ ದಪ್ಪ ಬಟ್ಟೆ. ದಿನವೂ ಕಾಲುಗಂಟೆ ತಣ್ಣೀರಲ್ಲಿ ಕೈ ನೆನೆಸಿ, ಗಡ್ಡೆಗಟ್ಟಿದ ಚರ್ಮ ಉಜ್ಜಿ, ಒರೆಸದೆ ಎಣ್ಣೆ ಸವರಬೇಕು. ನೋವು ಹೇಳುವ ಕೆಲಸವನ್ನು ಇನ್ನು ಕಣ್ಣು ಮಾಡಬೇಕಾದ್ದರಿಂದ ದಿನವೂ ಕೈಕಾಲನ್ನು ಬೆರಳು ಬೆರಳಾಗಿ ನೋಡಿಕೊಳ್ಳಬೇಕು. ಇದಕ್ಕೆ ಸಮಯ ಹೇಗೆ ಹೊಂದಿಸಲಿ ಎಂದು ನಾನು ಚಿಂತಿಸುತ್ತಿದ್ದರೆ ಖಾಲಾ, "ಐದು ಹೊತ್ತು ವುಝೂ ಮಾಡ್ತೀನಲ್ಲ, ಬೆರಳ ಸಂದಿಗೆ ಬೆರಳು ಹಾಕಿಯೇ ತೊಳೀಬೇಕಲ್ಲ, ಆವಾಗ ನೋಡ್ತೀನಿ" ಎಂದರು. ಕಾಲ್ಬೆರಳು ಕೊಳೆತು ಬರುವವರಿಗೂ ನಾನೀಗ ಅದನ್ನೇ ಹೇಳುತ್ತೇನೆ, ಒಂದು ಸೇರಿಸಿ: ತೊಳೆದ ಮೇಲೆ ಸಂದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಸಾಕ್ಸ್ ಹಾಕಿ.

ನನ್ನ ಕೆಲಸದ ರೀತಿಯೂ ಬದಲಾಯಿತು. ಮಚ್ಚೆ ಎಂದರೆ ಕಿಟಕಿಯ ಬೆಳಕಿಗೆ ಕರೆತರುತ್ತೇನೆ, ಮುಟ್ಟುತ್ತೇನೆ, ಮನೆಯಲ್ಲಿ ಇನ್ನಾರಿಗೆ ಇದೆ ಎಂದು ಕೇಳುತ್ತೇನೆ. ರಾತ್ರಿ ತುರಿಕೆ ಎಂದು ಒಂದು ಮಗುವನ್ನು ತಂದ ತಾಯಿಗೆ ಉಳಿದ ಮೂರನ್ನೂ ಕರೆತರಲು ಹೇಳುತ್ತೇನೆ. ಕಜ್ಜಿ ಎಂದೂ ಒಬ್ಬರದಲ್ಲ. ಮನೆಮಂದಿಯೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚದಿದ್ದರೆ ಅದು ಮನೆಯೊಳಗೆ ಸುತ್ತುತ್ತಲೇ ಇರುತ್ತದೆ. ಏನು ಹಚ್ಚಿದಿರಿ ಎಂದು ಮರೆಯದೆ ಕೇಳುತ್ತೇನೆ. ಸ್ಟೀರಾಯ್ಡ್ ಸೇರಿದ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿಯಾದರೂ ಬೆಳ್ಳಗಾಗಲು, ಹುಳುಕಡ್ಡಿಗೆ ಎಂದು ಜನ ಅವನ್ನೇ ತಂದು ಹಚ್ಚುತ್ತಾರೆ. ಎರಡು ದಿನ ತುರಿಕೆ ನಿಂತು, ಹುಳುಕಡ್ಡಿ ರೂಪವೇ ಬದಲಿಸಿ ಇಡೀ ಬೆನ್ನಿಗೆ ಹಬ್ಬಿರುತ್ತದೆ. ಮುಖಕ್ಕೆ ಹಚ್ಚಿದ ಹುಡುಗಿಯರ ಕೆನ್ನೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬಿಸಿಲಿಗೆ ನಿಲ್ಲಲಾಗದೆ ಅಳುತ್ತಾ ಬರುತ್ತಾರೆ.

ಖಾಲಾನ ಮಗಳಿಗೆ ಮುಂದೆ ಸಾಗರದ ಕಡೆಯಿಂದ ಇನ್ನೊಂದು ಸಂಬಂಧ ಬಂತು. ನಿಶ್ಚಯಕ್ಕೆ ಮುಂಚೆ ಹುಡುಗನ ತಾಯಿಗೆ ಎಲ್ಲ ಹೇಳುತ್ತೇನೆ ಎಂದು ಖಾಲಾ ಹಟ ಹಿಡಿದರು. ರೋಗ ವಾಸಿಯಾಗಿದೆ, ಹೇಳುವ ಅಗತ್ಯವೇ ಇಲ್ಲ ಎಂದು ನಾನು ವಾದಿಸಿದೆ. "ನಾಳೆ ಅವರು ನನ್ನ ಬೆರಳು ನೋಡಿ ನನ್ನ ಮಗಳನ್ನು ಕೇಳಬಾರದು. ಕೇಳೋದಾದರೆ ನನ್ನನ್ನೇ ಕೇಳಲಿ" ಎಂದರು. ಅಡುಗೆಮನೆಯಲ್ಲಿ, ನನ್ನ ಎದುರೇ, ಬಲಗೈ ಚಾಚಿ ತೋರಿಸಿ ಹೇಳಿದರು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮಾವನಿಗೆ ಇತ್ತು. ನಾನು ಹೊಸ ಸೊಸೆ. ಹಿತ್ತಲ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕರೆದು ಬಂದುಬಿಡುತ್ತಿದ್ದೆ. ಒಂದು ದಿನವೂ ಹತ್ತಿರ ಹೋಗಲಿಲ್ಲ" ಎಂದರು. ಖಾಲಾ ಕೊಟ್ಟ ಚಹಾ ಆರಿ ಹೋಗಿತ್ತು. ಅದನ್ನೇ ಕುಡಿದರು. ನಿಕಾಹ್ 2021ರಲ್ಲಿ ಆಯಿತು.

ಖಾಲಾನ ಕಿರುಬೆರಳು ನೇರವಾಗಲಿಲ್ಲ. ಅಡಿಕೆ ಸುಲಿಯುವಾಗ ಅದು ಬೇರೆಯಾಗಿ ನಿಂತಿರುತ್ತದೆ. ಮಚ್ಚೆಗಳು ಹೋಗಿವೆ.

ಕಳೆದ ರಂಝಾನಿನಲ್ಲಿ ಮಗಳು ತವರಿಗೆ ಬಂದಿದ್ದಾಗ ಖಾಲಾ ಫೋನ್ ಮಾಡಿ, "ಮಗುವಿನ ತೋಳಲ್ಲಿ ಬಿಳಿ ಕಲೆ ಇದೆ, ಬಾ" ಎಂದರು. ದನಿಯಲ್ಲಿ ನಡುಕವಿತ್ತು. ಹೋದೆ. ಒಣಚರ್ಮದ ಕಲೆ, ಹೊಟ್ಟೆಯಲ್ಲಿ ಹುಳು ಎಂದು ನಮ್ಮಲ್ಲಿ ಸುಮ್ಮನೆ ದೂರುವ ಥರದ್ದು, ಎಣ್ಣೆ ಹಚ್ಚುತ್ತಿದ್ದರೆ ತಾನೇ ಮಾಯುತ್ತದೆ. ನೋಡಿದ ಕೂಡಲೇ ಗೊತ್ತಾಯಿತು. ಆದರೂ ಮಗುವನ್ನು ಅಂಗಳದ ಬೆಳಕಿಗೆ ಎತ್ತಿಕೊಂಡು ಬಂದು, ಕಣ್ಣು ಮುಚ್ಚಲು ಹೇಳಿ, ಅಂಗಳದಲ್ಲಿ ಬಿದ್ದಿದ್ದ ಒಂದು ಕೋಳಿಗರಿಯ ತುದಿಯನ್ನು ಕಲೆಯ ಮೇಲೆ ತಾಗಿಸಿದೆ. ಖಾಲಾ ಉಸಿರು ಹಿಡಿದು ನಿಂತಿದ್ದರು.

"ಕಚಗುಳಿ!" ಎಂದು ಮಗು ಕೈ ಎಳೆದುಕೊಂಡು ಓಡಿತು.